ಜ್ವರದ ಅರ್ಧ ಡಿಗ್ರಿ ಮತ್ತು ಒಟ್ಟೊ ಶಾಟ್

ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ನಮ್ಮ ಬ್ಯಾಚಿನವರು ಒಟ್ಟು ಮೂರು ಬೀಕರ್ ಒಡೆದಿದ್ದೀವಿ. ಎರಡು ಕೈಜಾರಿ ಬಿದ್ದವು, ಅದರ ಬಗ್ಗೆ ಹೇಳೋಕೆ ಏನೂ ಇಲ್ಲ. ಮೂರನೇದು ಬೀಳಲೇ ಇಲ್ಲ. ಕುದಿಯೋ ನೀರು ಹಾಕಿದ ತಕ್ಷಣ ಟಪ್ ಅಂತ ಸದ್ದು ಬಂತು, ತಳ ಮಾತ್ರ ಬೇರೆಯಾಗಿ ಟೇಬಲ್ ಮೇಲೆ ಕೂತಿತ್ತು, ನೀರೆಲ್ಲ ರೆಕಾರ್ಡ್ ಪುಸ್ತಕದ ಮೇಲೆ. ಲ್ಯಾಬ್ ಅಟೆಂಡರ್ ಅಣ್ಣ ಬಂದು ಚೂರು ಕೈಗೆತ್ತಿಕೊಂಡು ನೋಡಿ, ಇದು ಬೋರೋಸಿಲಿಕೇಟ್ ಅಲ್ಲ, ಮಾಮೂಲಿ ಗಾಜು, ಯಾರೋ ಎಲ್ಲಿಂದಲೋ ತಂದು ಇಟ್ಟಿದ್ದಾರೆ ಅಂದರು. ಫೈನ್ ಮಾತ್ರ ನಾವೇ ಕಟ್ಟಿದ್ವಿ.

ಮಾಮೂಲಿ ಗಾಜಿಗೂ ಬೋರೋಸಿಲಿಕೇಟ್‌ಗೂ ಏನು ವ್ಯತ್ಯಾಸ ಅಂತ ಅವತ್ತು ಸಂಜೆ ಹಾಸ್ಟೆಲ್‌ನಲ್ಲಿ ಹುಡುಕೋಕೆ ಶುರು ಮಾಡಿದ್ದು. ಹುಡುಕ್ತಾ ಹೋದಾಗ ಸಿಕ್ಕ ಹೆಸರು ಒಟ್ಟೊ ಶಾಟ್. ಮೆಟೀರಿಯಲ್ ಸೈನ್ಸ್ ನೋಟ್ಸ್‌ನಲ್ಲಿ ಈ ಹೆಸರು ಎಲ್ಲೂ ಇಲ್ಲ. ಆದ್ರೆ ಅಜ್ಜಿ ಮನೆಯ ಜ್ವರ ನೋಡೋ ಕಡ್ಡಿಯಿಂದ ಹಿಡಿದು 2022ರ ಜನವರಿಯಲ್ಲಿ ನಮಗೆ ಕೋವಿಡ್ ಲಸಿಕೆ ಹಾಕುವಾಗ ನರ್ಸ್ ಕೈಯಲ್ಲಿದ್ದ ಪುಟ್ಟ ಶೀಶೆಯ ತನಕ ಈ ಮನುಷ್ಯನ ಕೆಲಸದ ನೆರಳಿದೆ. ಅವರು ಡಾಕ್ಟರ್ ಅಲ್ಲ. ಒಬ್ಬ ರೋಗಿಯನ್ನೂ ನೋಡಿದವರಲ್ಲ. ಗಾಜು ಕರಗಿಸೋದು, ಅಳೆಯೋದು, ಮತ್ತೆ ಕರಗಿಸೋದು, ಇಷ್ಟೇ ಅವರ ಜೀವನ. ಅದನ್ನೇ ಇಲ್ಲಿ ಬರೀತಿದ್ದೀವಿ.

ಶಾಟ್ ಹುಟ್ಟಿದ್ದು 1851ರ ಡಿಸೆಂಬರ್ 17ರಂದು, ಜರ್ಮನಿಯ ವೆಸ್ಟ್‌ಫಾಲಿಯಾದ ವಿಟನ್ ಅನ್ನೋ ಊರಲ್ಲಿ. ಕಲ್ಲಿದ್ದಲು, ಉಕ್ಕು, ಹೊಗೆ ಇವೆಲ್ಲ ಇದ್ದ ರೂರ್ ಪ್ರದೇಶ ಅದು. ಮನೆತನದ ಕಸುಬೇ ಗಾಜು. ಅಪ್ಪ ಸೈಮನ್ ಶಾಟ್ ಕಿಟಕಿ ಗಾಜು ಮಾಡುವವರು, ವಿಟನ್‌ನ ಒಂದು ಕಾರ್ಖಾನೆಯಲ್ಲಿ ಪಾಲುದಾರರು. ಅಂದ್ರೆ ಹುಡುಗ ಬೆಳೆದಿದ್ದೇ ಕುಲುಮೆಯ ಪಕ್ಕ. ನಮ್ಮಲ್ಲಿ ಕಮ್ಮಾರರ ಮನೆಯ ಮಗುವಿಗೆ ತಿದಿ ಹೇಗೋ ಹಾಗೆ.

ಆ ಕಾಲದಲ್ಲಿ ಗಾಜಿನ ಕೆಲಸ ಕೈಗುಣದ ಮೇಲೆ ನಡೀತಿತ್ತು. ಮರಳು, ಸೋಡಾ ಅಥವಾ ಪೊಟ್ಯಾಶ್, ಸುಣ್ಣ, ಕೆಲವೊಮ್ಮೆ ಸೀಸದ ಆಕ್ಸೈಡ್. ಎಷ್ಟೆಷ್ಟು ಹಾಕಬೇಕು ಅನ್ನೋದು ಅಪ್ಪನಿಂದ ಮಗನಿಗೆ ಬರೋ ಗುಟ್ಟು. ಒಂದು ದಿನ ಗಾಜು ಚೆನ್ನಾಗಿ ಬಂತು, ಇನ್ನೊಂದು ದಿನ ಗುಳ್ಳೆ ಬಂತು, ಯಾಕೆ ಅಂತ ಯಾರಿಗೂ ಖಚಿತ ಇಲ್ಲ. ಒಳ್ಳೆಯ ಲೆನ್ಸ್ ಗಾಜು ಮಾಡುವವರು ಯೂರೋಪಿನಲ್ಲೆಲ್ಲ ಬೆರಳೆಣಿಕೆಯಷ್ಟೇ ಇದ್ರು. ಕರಗಿದ ಗಾಜನ್ನು ಬೆಂಕಿಜೇಡಿಯ ಕೋಲಿನಿಂದ ಕಲಕಿದ್ರೆ ಗೆರೆಗಳು ಹೋಗ್ತವೆ ಅಂತ ಗಿನಾನ್ ಎಂಬ ಸ್ವಿಸ್ ಕಸುಬುದಾರ ಕಂಡುಕೊಂಡಿದ್ದ. ಬರೀ ಕಲಕೋ ವಿಷಯ ಕೂಡ ವರ್ಷಗಟ್ಟಲೆ ಗುಟ್ಟಾಗಿಯೇ ಇತ್ತು ಅಂದ್ರೆ ಯೋಚಿಸಿ.

ಶಾಟ್ ಮಾತ್ರ ಕುಲುಮೆ ಬಿಟ್ಟು ಕಾಲೇಜಿಗೆ ಹೋದ್ರು. ಆಕೆನ್, ವ್ಯೂರ್ಟ್ಸ್‌ಬರ್ಗ್, ಲೈಪ್‌ಜಿಗ್, ಮೂರು ಊರಲ್ಲಿ ಕೆಮಿಕಲ್ ಟೆಕ್ನಾಲಜಿ, ಖನಿಜಶಾಸ್ತ್ರ, ಫಿಸಿಕ್ಸ್ ಓದಿದ್ರು. 1875ರಲ್ಲಿ ಯೇನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್. ವಿಷಯ ಏನು ಗೊತ್ತಾ? ಕಿಟಕಿ ಗಾಜು ಮಾಡುವಾಗ ಬರೋ ದೋಷಗಳು. ಅಪ್ಪನ ಕಾರ್ಖಾನೆಯ ತಲೆನೋವನ್ನೇ ಪ್ರಬಂಧ ಮಾಡಿದ್ರು. ಆಮೇಲೆ ಸ್ವಲ್ಪ ಕಾಲ ಸ್ಪೇನ್‌ನಲ್ಲಿ ಕೆಲಸ, ಮತ್ತೆ ವಾಪಸ್ ವಿಟನ್‌ಗೆ. ಮನೆಯಲ್ಲೇ ಒಂದು ಲ್ಯಾಬ್ ಹಾಕಿಕೊಂಡು ಗಾಜಿಗೆ ಯಾರೂ ಹಾಕದ ಪದಾರ್ಥಗಳನ್ನು ಹಾಕಿ ನೋಡೋಕೆ ಶುರು ಮಾಡಿದ್ರು.

ಅದರಲ್ಲಿ ಒಂದು ಲಿಥಿಯಂ. 1879ರಲ್ಲಿ ಲಿಥಿಯಂ ಹಾಕಿದ ಗಾಜು ತಯಾರಾಯಿತು. ಇದರ ಬೆಳಕಿನ ಗುಣ ಅಳೆಯೋಕೆ ತಮ್ಮ ಹತ್ರ ಸಲಕರಣೆ ಇಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಯೇನಾದ ಪ್ರೊಫೆಸರ್ ಎರ್ನ್ಸ್ಟ್ ಅಬ್ಬೆ ಅವರಿಗೆ ಒಂದು ಕಾಗದ ಬರೆದ್ರು. ಪರಿಚಯ ಇಲ್ಲ, ಶಿಫಾರಸು ಇಲ್ಲ, 27 ವರ್ಷದ ಹುಡುಗ. ಇವತ್ತಿನ ಲೆಕ್ಕದಲ್ಲಿ ಗೊತ್ತಿಲ್ಲದ ಪ್ರೊಫೆಸರ್‌ಗೆ ಇಂಟರ್ನ್‌ಶಿಪ್ ಕೇಳಿ ಮೇಲ್ ಹಾಕಿದ ಹಾಗೆ. ನಾವೂ ಅಂಥ ಮೇಲ್ ಹಾಕಿದ್ದೀವಿ, ಉತ್ತರ ಬಂದಿಲ್ಲ. ಶಾಟ್‌ಗೆ ಬಂತು.

ಅಬ್ಬೆ ಯಾರು ಅಂತ ಹೇಳದೆ ಮುಂದೆ ಹೋಗೋಕಾಗಲ್ಲ. ನೂಲಿನ ಗಿರಣಿಯ ಕೆಲಸಗಾರನ ಮಗ. ಅಪ್ಪ ದಿನಕ್ಕೆ ಹದಿನಾಲ್ಕು, ಹದಿನಾರು ಗಂಟೆ ದುಡಿಯೋದನ್ನು ನೋಡಿ ಬೆಳೆದವರು. ಕಾರ್ಲ್ ಜೈಸ್ ಎಂಬ ಮೈಕ್ರೋಸ್ಕೋಪ್ ತಯಾರಕರ ಜೊತೆ ಸೇರಿ, ಲೆನ್ಸನ್ನು ಅಂದಾಜಿನಲ್ಲಿ ಉಜ್ಜಿ ಉಜ್ಜಿ ಸರಿಮಾಡೋ ಬದಲು ಮೊದಲು ಲೆಕ್ಕ ಹಾಕಿ ಆಮೇಲೆ ಮಾಡೋ ಪದ್ಧತಿ ತಂದವರು. ಆದ್ರೆ ಅವರ ಲೆಕ್ಕ ಒಂದು ಕಡೆ ಬಂದು ನಿಂತಿತ್ತು. ಬೇರೆ ಬೇರೆ ಬಣ್ಣದ ಬೆಳಕು ಲೆನ್ಸ್‌ನಲ್ಲಿ ಬೇರೆ ಬೇರೆ ಕೋನದಲ್ಲಿ ಬಾಗ್ತದೆ, ಹಾಗಾಗಿ ಚಿತ್ರದ ಅಂಚಲ್ಲಿ ಬಣ್ಣ ಕಾಣ್ತದೆ. ಎರಡು ಥರದ ಗಾಜು ಜೋಡಿಸಿದ್ರೆ ಇದು ಬಹುಪಾಲು ಹೋಗ್ತದೆ, ಪೂರ್ತಿ ಹೋಗಲ್ಲ. ಪೂರ್ತಿ ಹೋಗಬೇಕಂದ್ರೆ ಬೇಕಾದ ಗುಣದ ಗಾಜು ಪ್ರಪಂಚದಲ್ಲಿ ಯಾರೂ ಮಾಡ್ತಿರಲಿಲ್ಲ. 1876ರಲ್ಲಿ ಲಂಡನ್ನಿನ ವೈಜ್ಞಾನಿಕ ಉಪಕರಣಗಳ ಪ್ರದರ್ಶನ ನೋಡಿ ಬಂದ ಅಬ್ಬೆ ಒಂದು ವರದಿ ಬರೆದು, ಮೈಕ್ರೋಸ್ಕೋಪ್ ಮುಂದೆ ಹೋಗಬೇಕಾದ್ರೆ ಗಾಜು ಮಾಡುವವರೇ ದಾರಿ ಬಿಡಿಸಬೇಕು ಅನ್ನೋ ಅರ್ಥದಲ್ಲಿ ಹೇಳಿದ್ರು. ಸಾಫ್ಟ್‌ವೇರ್ ರೆಡಿ, ಹಾರ್ಡ್‌ವೇರ್ ಇಲ್ಲ ಅನ್ನೋ ಪರಿಸ್ಥಿತಿ.

ಲಿಥಿಯಂ ಗಾಜು ಬಂತು, ಅಬ್ಬೆ ಅಳೆದ್ರು, ಉಪಯೋಗ ಆಗಲಿಲ್ಲ. ಬೇಕಿದ್ದ ಗುಣ ಅದರಲ್ಲಿ ಇರಲಿಲ್ಲ. ಇಲ್ಲಿಗೆ ಕತೆ ಮುಗೀಬಹುದಿತ್ತು. ಶಾಟ್ ಬೋರಿಕ್ ಆಮ್ಲ ಹಾಕಿದ್ರು, ಫಾಸ್ಫಾರಿಕ್ ಆಮ್ಲ ಹಾಕಿದ್ರು, ಬೇರಿಯಂ, ಸತು, ಹೀಗೆ ಒಂದೊಂದಾಗಿ. ಒಂದು ಸಲಕ್ಕೆ ಸ್ವಲ್ಪವೇ ಸ್ವಲ್ಪ ಗಾಜು. ವಿಟನ್‌ನಲ್ಲಿ ಕರಗಿಸಿ ಯೇನಾಕ್ಕೆ ಕಳಿಸೋದು, ಅಲ್ಲಿಂದ ರೀಡಿಂಗ್ ಬರೋದು, ಮತ್ತೆ ಕರಗಿಸೋದು. 1881ರ ಜನವರಿಯಲ್ಲಿ ಇಬ್ಬರೂ ಮುಖಾಮುಖಿ ಭೇಟಿಯಾದ್ರು. 1882ರಲ್ಲಿ ಶಾಟ್ ಯೇನಾಕ್ಕೇ ಬಂದು ನೆಲೆಸಿದ್ರು. 1884ರಲ್ಲಿ ಶಾಟ್, ಅಬ್ಬೆ, ಕಾರ್ಲ್ ಜೈಸ್ ಮತ್ತು ಜೈಸ್ ಅವರ ಮಗ ರೋಡರಿಕ್, ನಾಲ್ಕು ಜನ ಸೇರಿ ಗಾಜಿನ ಪ್ರಯೋಗಾಲಯ ತೆರೆದ್ರು. ಪ್ರಷ್ಯಾ ಸರ್ಕಾರ ಹಣ ಕೊಟ್ಟಿತು, ಯೇನಾ ಇದ್ದದ್ದು ಪ್ರಷ್ಯಾದ ಹೊರಗೆ ಆಗಿದ್ರೂ.

1886ರಲ್ಲಿ ಅವರ ಮೊದಲ ಬೆಲೆಪಟ್ಟಿ ಹೊರಬಂತು. 44 ಬಗೆಯ ಆಪ್ಟಿಕಲ್ ಗಾಜು, ಅದರಲ್ಲಿ 19 ಹೊಚ್ಚ ಹೊಸವು. ಗುಟ್ಟಿನ ಕಸುಬು ಈಗ ಒಂದು ಕ್ಯಾಟಲಾಗ್ ಆಗಿತ್ತು. ಪ್ರತಿ ಗಾಜಿಗೂ ನಂಬರು, ಎದುರಿಗೆ ಅದರ ಅಳತೆ. ಲೆನ್ಸ್ ಡಿಸೈನ್ ಮಾಡುವವರು ತಮ್ಮ ಲೆಕ್ಕಕ್ಕೆ ಹೊಂದೋದನ್ನು ಆರಿಸಿಕೊಳ್ಳಬಹುದು. ನಾವು ಡೇಟಾಶೀಟ್ ನೋಡಿ ಟ್ರಾನ್ಸಿಸ್ಟರ್ ಆರಿಸ್ತೀವಲ್ಲ, ಹಾಗೆ. ಅದೇ ವರ್ಷ ಈ ಗಾಜುಗಳ ಜೊತೆಗೆ ಫ್ಲೋರೈಟ್ ಹರಳನ್ನೂ ಬಳಸಿ ಅಬ್ಬೆ ಬಣ್ಣದ ದೋಷ ತೀರಾ ಕಡಿಮೆ ಇರೋ ಅಪೋಕ್ರೊಮ್ಯಾಟ್ ಲೆನ್ಸ್ ತಂದರು.

ಇಲ್ಲೊಂದು ಮಾತು. ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದಿದ್ದು ಶಾಟ್ ಗಾಜಿನ ಮೈಕ್ರೋಸ್ಕೋಪ್‌ನಿಂದ ಅಂತ ಬರೆದ್ರೆ ಈ ಲೇಖನಕ್ಕೆ ಒಳ್ಳೇ ಮಸಾಲೆ ಆಗ್ತಿತ್ತು, ನಾವೂ ಮೊದಲ ಕರಡಿನಲ್ಲಿ ಹಾಗೇ ಬರೆದಿದ್ವಿ. ಆದ್ರೆ ಕಾಕ್ ಅದನ್ನು ಬಹಿರಂಗ ಮಾಡಿದ್ದು 1882ರ ಮಾರ್ಚ್ 24ಕ್ಕೆ. ಆಗ ಶಾಟ್ ಇನ್ನೂ ಪ್ರಯೋಗದ ಹಂತದಲ್ಲೇ ಇದ್ರು. ಕಾಕ್ ಬಳಸಿದ್ದು ಅಬ್ಬೆಯವರ ಬೆಳಕು ಕೂಡಿಸೋ ಕಂಡೆನ್ಸರ್ ಮತ್ತು ಎಣ್ಣೆ ಹಾಕಿ ನೋಡೋ ಲೆನ್ಸ್, ಅವೆರಡೂ ಹಳೇ ಗಾಜಿನವು. ಶಾಟ್ ಗಾಜು ಬಂದಿದ್ದು ಆಮೇಲೆ ಬ್ಯಾಕ್ಟೀರಿಯಾ ಹುಡುಕಿದವರಿಗೆ.

ನಮಗೆ ಮೈಕ್ರೋಸ್ಕೋಪ್‌ಗಿಂತ ಹೆಚ್ಚು ಹಿಡಿಸಿದ್ದು ಥರ್ಮಾಮೀಟರ್ ಕತೆ.

ಶಾಟ್ ಓದಿದ್ದ ಲೈಪ್‌ಜಿಗ್ ಊರಿನಲ್ಲೇ ವುಂಡರ್ಲಿಶ್ ಅಂತ ಒಬ್ಬ ವೈದ್ಯರು ಸಾವಿರಾರು ರೋಗಿಗಳ ಮೈಶಾಖ ಅಳೆದು 1868ರಲ್ಲಿ ಪುಸ್ತಕ ಬರೆದಿದ್ರು. ಅಲ್ಲಿಯವರೆಗೆ ಜ್ವರ ಅನ್ನೋದು ಕೈಯಿಟ್ಟು ನೋಡೋ ವಿಷಯ. ಅವರ ನಂತರ ಅದು ಚಾರ್ಟ್‌ನಲ್ಲಿ ಬರೆಯೋ ಗೆರೆ ಆಯಿತು. 37 ಡಿಗ್ರಿ ಅಂದ್ರೆ ಆರೋಗ್ಯ, 38 ದಾಟಿದ್ರೆ ಜ್ವರ, ಟೈಫಾಯ್ಡ್ ಗೆರೆ ಹೀಗೆ ಏರ್ತದೆ, ನ್ಯುಮೋನಿಯಾ ಗೆರೆ ಹೀಗೆ ಇಳೀತದೆ. ಅಂದ್ರೆ ಇಡೀ ವೈದ್ಯಶಾಸ್ತ್ರ ಈಗ ಒಂದು ಗಾಜಿನ ಕಡ್ಡಿಯನ್ನು ನಂಬಿತ್ತು. ಆ ಕಡ್ಡಿ ಸುಳ್ಳು ಹೇಳ್ತಿತ್ತು.

ಹೇಗೆ ಅಂದ್ರೆ: ಪಾದರಸದ ಥರ್ಮಾಮೀಟರ್‌ನಲ್ಲಿ ನಾವು ನೋಡೋದು ಪಾದರಸ ಹಿಗ್ಗೋದನ್ನ. ಅದನ್ನು ಹಿಡಿದಿರೋ ಗಾಜಿನ ಬುರುಡೆಯೂ ಹಿಗ್ಗಿ ಕುಗ್ಗುತ್ತೆ ಅನ್ನೋದನ್ನ ಮರೀತೀವಿ. ಹಿಗ್ಗಿದ ಬುರುಡೆ ತಣ್ಣಗಾದ ತಕ್ಷಣ ಹಳೇ ಅಳತೆಗೆ ಬಂದ್ರೆ ಏನೂ ತೊಂದರೆ ಇಲ್ಲ. ಗಾಜು ಹಾಗೆ ಮಾಡಲ್ಲ. ಕುದಿಯೋ ನೀರಲ್ಲಿಟ್ಟು ತಕ್ಷಣ ಮಂಜುಗಡ್ಡೆಗೆ ಹಾಕಿದ್ರೆ ಬುರುಡೆ ಸ್ವಲ್ಪ ಊದಿಕೊಂಡೇ ಇರ್ತದೆ, ಪಾದರಸ ಸೊನ್ನೆಗಿಂತ ಕೆಳಗೆ ನಿಲ್ತದೆ. ಮತ್ತೆ ಸರಿಹೋಗೋಕೆ ದಿನಗಳು, ವಾರಗಳು ಬೇಕು. ಇನ್ನೊಂದು ಕಡೆ ಹೊಸದಾಗಿ ಊದಿದ ಬುರುಡೆ ತಿಂಗಳುಗಟ್ಟಲೆ ತನ್ನಷ್ಟಕ್ಕೆ ಕುಗ್ಗುತ್ತಾ ಇರ್ತದೆ, ಆಗ ಪಾದರಸ ಇರಬೇಕಾದ್ದಕ್ಕಿಂತ ಮೇಲೆ ಏರ್ತದೆ. ಒಂದೇ ಕಡ್ಡಿ ಒಮ್ಮೆ ಕಡಿಮೆ ತೋರಿಸೋದು, ಒಮ್ಮೆ ಜಾಸ್ತಿ ತೋರಿಸೋದು. ಥುರಿಂಜಿಯಾದ ಕಾಡು ಸೀಮೆಯಲ್ಲಿ ಮನೆಮನೆಯಲ್ಲೂ ಥರ್ಮಾಮೀಟರ್ ಮಾಡ್ತಿದ್ರು, ಅಲ್ಲಿಯ ಕೆಲವು ಗಾಜಿನಲ್ಲಿ ಈ ತಪ್ಪು ಅರ್ಧ ಡಿಗ್ರಿಯ ಆಸುಪಾಸಿಗೆ ಹೋಗ್ತಿತ್ತು.

ಅರ್ಧ ಡಿಗ್ರಿ ಅಂದ್ರೆ ಏನ್ ಮಹಾ ಅನ್ನಿಸಬಹುದು. ಫಿಸಿಕ್ಸ್ ಲ್ಯಾಬ್‌ನಲ್ಲಿ ಗ್ರಾಫ್ ನೆಟ್ಟಗೆ ಬರಲಿಲ್ಲ ಅಂತ ನಾವು ಎಷ್ಟು ಸಲ ರೀಡಿಂಗ್ ಅಡ್ಜಸ್ಟ್ ಮಾಡಿಲ್ಲ! ಕೊನೆಯ ಹತ್ತು ನಿಮಿಷದಲ್ಲಿ ಪಕ್ಕದ ಬ್ಯಾಚಿನ ರೀಡಿಂಗ್‌ಗೆ ಸೊನ್ನೆ ಪಾಯಿಂಟ್ ಎರಡು ಸೇರಿಸಿ ಬರೆದವರು ನಾವು, ಒಪ್ಪಿಕೊಳ್ತೀವಿ. ಆದ್ರೆ ವಾರ್ಡಿನಲ್ಲಿ ಮಲಗಿರೋ ಮಗುವಿಗೆ 38.2 ಇದ್ದು, ಕಡ್ಡಿ 37.7 ತೋರಿಸಿದ್ರೆ ಚಾರ್ಟ್‌ನಲ್ಲಿ ಗೆರೆ ಇಳೀತಿರೋ ಹಾಗೆ ಕಾಣ್ತದೆ. ಮಗು ಗುಣ ಆಗ್ತಿದೆ ಅಂತ ಅಂದುಕೊಳ್ತಾರೆ.

ಬರ್ಲಿನ್‌ನಲ್ಲಿ ಅಳತೆ ತೂಕದ ಮಾನದಂಡ ನೋಡ್ತಿದ್ದ ಸರ್ಕಾರಿ ಆಯೋಗಕ್ಕೆ ಇದು ದೊಡ್ಡ ತಲೆನೋವಾಗಿತ್ತು. ಅಲ್ಲಿನ ವೀಬೆ ಮತ್ತು ಇನ್ನೊಬ್ಬ ರಸಾಯನಶಾಸ್ತ್ರಜ್ಞ ವೇಬರ್ ಹಳೇ ಥರ್ಮಾಮೀಟರ್‌ಗಳನ್ನು ಪರೀಕ್ಷೆ ಮಾಡಿದಾಗ ಒಂದು ವಿಚಿತ್ರ ಸಂಗತಿ ಕಂಡುಬಂತು. ಗಾಜಿನಲ್ಲಿ ಸೋಡಿಯಂ ಮಾತ್ರ ಇದ್ರೆ ತಪ್ಪು ಕಡಿಮೆ, ಪೊಟ್ಯಾಶಿಯಂ ಮಾತ್ರ ಇದ್ರೂ ಕಡಿಮೆ. ಎರಡೂ ಬೆರೆತಿದ್ರೆ ತಪ್ಪು ವಿಪರೀತ ಜಾಸ್ತಿ. ಇದಕ್ಕೆ ಈಗ ಮಿಕ್ಸ್ಡ್ ಆಲ್ಕಲಿ ಎಫೆಕ್ಟ್ ಅಂತಾರೆ, ಇವತ್ತಿಗೂ ಇದರ ಮೇಲೆ ಪೇಪರ್ ಬರೀತಾರೆ.

ಶಾಟ್ ಈ ಎಳೆ ಹಿಡಿದು ತಮ್ಮ ಪದ್ಧತಿಯಲ್ಲೇ ಹೊರಟರು. ಒಂದೇ ಕ್ಷಾರ ಇರಬೇಕು, ಜೊತೆಗೆ ಏನೇನು ಹಾಕಿದ್ರೆ ಊದೋಕೂ ಸುಲಭ ಆಗಿ ತಪ್ಪೂ ಕಡಿಮೆ ಆಗ್ತದೆ ಅಂತ ಕರಗಿಸಿ ಕರಗಿಸಿ ನೋಡಿದ್ರು. 1880ರ ದಶಕದ ನಡುವಿನಲ್ಲಿ ಬಂದಿದ್ದು 16 ನಂಬರಿನ ನಾರ್ಮಲ್ ಥರ್ಮಾಮೀಟರ್ ಗಾಜು. ಸಿಲಿಕಾ, ಸೋಡಾ, ಸುಣ್ಣ, ಸತು, ಒಂಚೂರು ಅಲ್ಯುಮಿನಾ, ಒಂಚೂರು ಬೋರಾನ್. 100 ಡಿಗ್ರಿಯಿಂದ ಸೊನ್ನೆಗೆ ತಂದಾಗ ತಪ್ಪು ಸುಮಾರು 0.05 ಡಿಗ್ರಿ, ಅಂದ್ರೆ ಹತ್ತನೇ ಒಂದು ಪಾಲಿಗೆ ಇಳಿದಿತ್ತು. ಆಮೇಲೆ ಬಂದ 59 ನಂಬರಿನ ಬೋರೋಸಿಲಿಕೇಟ್ ಗಾಜು ಇನ್ನೂ ನಿಖರ. ನಕಲಿ ಬರಬಾರದು ಅಂತ 16 ನಂಬರಿನ ನಳಿಗೆಗಳಲ್ಲಿ ಉದ್ದಕ್ಕೂ ಒಂದು ತೆಳು ನೇರಳೆ ಗೆರೆ ಎಳೀತಿದ್ರು. ಆ ಗೆರೆ ಇದ್ರೆ ಅಂಗಡಿಯವನೂ ನಂಬ್ತಿದ್ದ, ಡಾಕ್ಟರೂ ನಂಬ್ತಿದ್ರು.

ಅಜ್ಜಿ ಮನೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತಿ ಸುತ್ತಿ ಇಟ್ಟಿರ್ತಿದ್ದ ಥರ್ಮಾಮೀಟರ್ ನೆನಪಿದೆಯಾ? ನಾಲ್ಕು ಸಲ ಜೋರಾಗಿ ಝಾಡಿಸಿ ಪಾದರಸ ಇಳಿಸಿ, ಕಂಕುಳಲ್ಲಿಟ್ಟು, ಕಿಟಕಿ ಹತ್ರ ಹೋಗಿ ತಿರುಗಿಸಿ ತಿರುಗಿಸಿ ನೋಡೋದು. ಆ ಕಡ್ಡಿ ಸರಿ ತೋರಿಸ್ತದಾ ಅಂತ ನಮ್ಮ ಮನೆಗಳಲ್ಲಿ ಯಾರಿಗೂ ಅನುಮಾನ ಬಂದಿದ್ದಿಲ್ಲ.

ಯೇನಾದ ಫಿಸಿಕ್ಸ್ ಪ್ರೊಫೆಸರ್ ವಿಂಕೆಲ್‌ಮನ್ ಜೊತೆ ಶಾಟ್ ಮಾಡಿದ ಕೆಲಸ ಎಂಜಿನಿಯರಿಂಗ್‌ನವರಾದ ನಮಗೆ ಖುಷಿ ಕೊಡೋದು. ಎಷ್ಟೋ ಬಗೆಯ ಗಾಜುಗಳನ್ನು ಎಳೆದು, ಒತ್ತಿ, ಬಿಸಿ ಮಾಡಿ ಅಳೆದು ಇಬ್ಬರೂ ಒಂದು ಸರಳ ಲೆಕ್ಕಕ್ಕೆ ಬಂದ್ರು. ಗಾಜು ಎಷ್ಟು ಹಿಗ್ಗುತ್ತೆ ಅನ್ನೋದನ್ನು ಅದರಲ್ಲಿರೋ ಪ್ರತಿ ಆಕ್ಸೈಡ್‌ನ ಶೇಕಡಾ ಪ್ರಮಾಣವನ್ನು ಆಯಾ ಆಕ್ಸೈಡ್‌ನ ಒಂದು ಗುಣಾಂಕದಿಂದ ಗುಣಿಸಿ ಕೂಡಿಸಿದ್ರೆ ಹೆಚ್ಚುಕಡಿಮೆ ಹೇಳಬಹುದು. ಸೋಡಾದ ಗುಣಾಂಕ ದೊಡ್ಡದು, ಬೋರಾನ್ ಆಕ್ಸೈಡ್‌ನದು ತೀರಾ ಚಿಕ್ಕದು. ಇವತ್ತು ಮಷಿನ್ ಲರ್ನಿಂಗ್ ಕ್ಲಾಸಿನಲ್ಲಿ ನಾವು ಮೊದಲ ದಿನ ಮಾಡೋ ಲೀನಿಯರ್ ಮಾಡೆಲ್ ಅಲ್ಲದೆ ಇದು ಬೇರೇನಲ್ಲ. ಪೈಥಾನ್ ಇರಲಿಲ್ಲ, ಅಷ್ಟೇ. ಪ್ರತಿ ಡೇಟಾ ಪಾಯಿಂಟ್‌ಗೂ ಒಂದು ಕುಲುಮೆ ಉರಿಸಬೇಕಿತ್ತು.

ನಮ್ಮ ಮೂರನೇ ಬೀಕರ್ ಒಡೆದಿದ್ದಕ್ಕೆ ಉತ್ತರ ಇಲ್ಲೇ ಇದೆ. ಕಿಟಕಿ, ಬಾಟಲಿಗಳ ಸೋಡಾ-ಸುಣ್ಣದ ಗಾಜು ಒಂದು ಡಿಗ್ರಿ ಬಿಸಿಯಾದ್ರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 9 ಭಾಗ ಹಿಗ್ಗುತ್ತೆ. ಇವತ್ತಿನ ಲ್ಯಾಬ್ ಬೋರೋಸಿಲಿಕೇಟ್ 3.3 ಭಾಗ ಮಾತ್ರ. ಕುದಿಯೋ ನೀರು ಬಿದ್ದಾಗ ಒಳಮೈ ಹಿಗ್ಗೋಕೆ ನೋಡ್ತದೆ, ಹೊರಮೈ ಇನ್ನೂ ತಣ್ಣಗಿರ್ತದೆ, ನಡುವೆ ಎಳೆದಾಟ. ಕಡಿಮೆ ಹಿಗ್ಗಿದ್ರೆ ಕಡಿಮೆ ಎಳೆದಾಟ. ಗ್ಯಾಸ್ ದೀಪಗಳ ಮೇಲಿನ ಚಿಮಣಿ ಗಾಜು ಮಳೆಹನಿ ಬಿದ್ರೆ ಒಡೀತಿತ್ತು. ಅದಕ್ಕೆ ಬೋರೋಸಿಲಿಕೇಟ್ ಚಿಮಣಿ ಮಾಡಿ ಕಂಪನಿ ಚೆನ್ನಾಗಿ ದುಡ್ಡು ಮಾಡಿತು. 1890ರ ದಶಕದಲ್ಲಿ ಲ್ಯಾಬ್ ಸಾಮಾನುಗಳಿಗೂ ಅದೇ ಬಗೆಯ ಗಾಜು ಬಂತು. 3.3ರ ಅಂಕಿ ಮಾತ್ರ ಶಾಟ್ ಅವರದ್ದಲ್ಲ. ಅದು 1915ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ತಂದ ಪೈರೆಕ್ಸ್ ಕಾಲದ ಮುಂದಿನ ಹೆಜ್ಜೆ.

ಇನ್ನು ಔಷಧಿಯ ಶೀಶೆ. ಗಾಜು ನೀರಿನಲ್ಲಿ ಕರಗಲ್ಲ ಅಂತ ಹೈಸ್ಕೂಲ್‌ನಲ್ಲಿ ಓದಿದ್ದೀವಿ, ಅದು ಪೂರ್ತಿ ನಿಜ ಅಲ್ಲ. ನೀರು ಗಾಜಿನ ಮೇಲ್ಮೈಯಿಂದ ಸೋಡಿಯಂ ಎಳ್ಕೊಂಡು ಬದಲಿಗೆ ಹೈಡ್ರೋಜನ್ ಬಿಟ್ಟು ಬರ್ತದೆ. ನಿಧಾನಕ್ಕೆ ನೀರು ಕ್ಷಾರ ಆಗ್ತದೆ. ಕುಡಿಯೋ ನೀರಿನ ಲೋಟಕ್ಕೆ ಇದರಿಂದ ಏನೂ ಆಗಲ್ಲ. ಆದ್ರೆ 1886ರಲ್ಲಿ ಪ್ಯಾರಿಸ್‌ನ ಔಷಧಿ ವ್ಯಾಪಾರಿ ಲಿಮೂಸಿನ್ ಬಾಯಿ ಕರಗಿಸಿ ಮುಚ್ಚೋ ಆಂಪ್ಯೂಲ್ ತಂದ ಮೇಲೆ ಇಂಜೆಕ್ಷನ್ ಔಷಧಿ ಗಾಜಿನೊಳಗೆ ತಿಂಗಳುಗಟ್ಟಲೆ ಇರೋಕೆ ಶುರುವಾಯಿತು. ಅದಕ್ಕೂ ಮೊದಲು ಕ್ರಿಮಿ ಸಾಯಲಿ ಅಂತ ಹಬೆಯಲ್ಲಿ ಬೇಯಿಸಬೇಕು. ಬಿಸಿ ನೀರು, ತೆಳು ಗಾಜು, ಒಂದೆರಡು ಮಿಲಿಲೀಟರ್ ಔಷಧಿ. ಆ ಪುಟ್ಟ ಪ್ರಮಾಣಕ್ಕೆ ಒಂಚೂರು ಕ್ಷಾರ ಬಂದ್ರೂ ಸಾಕು, ಮಾರ್ಫಿನ್‌ನಂಥ ಆಲ್ಕಲಾಯ್ಡ್ ಔಷಧಿಗಳು ಹರಳಾಗಿ ತಳಕ್ಕೆ ಇಳೀಬಹುದು, ಇಲ್ಲಾಂದ್ರೆ ಕೆಟ್ಟು ಹೋಗಬಹುದು. ನರ್ಸ್ ಸಿರಿಂಜಿಗೆ ಎಳೆದುಕೊಂಡಿದ್ದು ಔಷಧಿಯೋ ಬರೀ ನೀರೋ ಅಂತ ಹೇಳೋಕಾಗದು.

ಬೋರಾನ್ ಇಲ್ಲೂ ಸಹಾಯಕ್ಕೆ ಬಂತು. ಸರಿಯಾದ ಪ್ರಮಾಣದಲ್ಲಿ ಬೋರಾನ್ ಇದ್ರೆ ಅದು ಸಿಲಿಕಾದ ಜಾಲದೊಳಗೇ ಸೇರಿಕೊಂಡು ಸೋಡಿಯಂ ಅನ್ನು ಹತ್ತಿರ ಹಿಡಿದಿಟ್ಟುಕೊಳ್ತದೆ, ಸುಲಭಕ್ಕೆ ಬಿಟ್ಟುಕೊಡಲ್ಲ. ಈ ವಿವರಣೆ ಶಾಟ್‌ಗೆ ಗೊತ್ತಿರಲಿಲ್ಲ. ಗಾಜಿನ ಜಾಲದ ಸಿದ್ಧಾಂತವನ್ನು ಜಕಾರಿಯಾಸೆನ್ ಬರೆದಿದ್ದೇ 1932ರಲ್ಲಿ. ಶಾಟ್‌ಗೆ ಗೊತ್ತಿದ್ದದ್ದು ತಮ್ಮ ಟೇಬಲ್‌ಗಳು ಮಾತ್ರ. 1911ರಲ್ಲಿ ಅವರ ಕಂಪನಿ ಔಷಧಿ ಶೀಶೆಗೆ ಅಂತಲೇ ಫಿಯೊಲ್ಯಾಕ್ಸ್ ಹೆಸರಿನ ಗಾಜಿನ ನಳಿಗೆ ಹೊರತಂದಿತು. ಆ ಹೆಸರಿನ ನಳಿಗೆ ಇವತ್ತೂ ಮಾರಾಟದಲ್ಲಿದೆ. ಇಂಜೆಕ್ಷನ್ ಔಷಧಿಗಳಿಗೆ ಟೈಪ್ ಒಂದು ಗಾಜು ಅಂತ ಫಾರ್ಮಾದವರು ಕರೆಯೋದು ಈ ಬೋರೋಸಿಲಿಕೇಟ್ ಕುಟುಂಬವನ್ನೇ.

ಎಲ್ಲವೂ ಗೆಲುವೇ ಆಗಿತ್ತು ಅಂದ್ಕೋಬೇಡಿ. ಶಾಟ್ ಬಹಳ ಆಸೆ ಇಟ್ಟುಕೊಂಡಿದ್ದ ಫಾಸ್ಫೇಟ್ ಗಾಜು ಮತ್ತು ಬೋರಾನ್ ತೀರಾ ಜಾಸ್ತಿ ಇದ್ದ ಬೋರೇಟ್ ಗಾಜುಗಳು ಬೆಳಕಿನ ಲೆಕ್ಕದಲ್ಲಿ ಸೊಗಸಾಗಿದ್ವು, ಆದ್ರೆ ತೇವದ ಗಾಳಿ ತಾಗಿದ್ರೆ ಮಂಕಾಗ್ತಿದ್ವು. ಕ್ಯಾಟಲಾಗ್‌ನಲ್ಲಿ ಹಾಕಿ ಆಮೇಲೆ ಕೈಬಿಡಬೇಕಾಯಿತು. ನೀರಿನ ಜೊತೆ ಜಗಳ ಆಡೋ ಗಾಜು ಅವರ ಪಾಲಿಗೆ ಫೇಲ್.

ಅವರು ತೀರಿಕೊಂಡು ಮೂವತ್ತು ವರ್ಷ ಆದ್ಮೇಲೆ ಅಂಥದೇ ಗುಣವನ್ನು ಬೇಕು ಅಂತಲೇ ಹುಡುಕಿಕೊಂಡು ಹೋದವರು ಅಮೆರಿಕದ ಲ್ಯಾರಿ ಹೆಂಚ್. 1967ರಲ್ಲಿ ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಒಬ್ಬ ಸೇನಾಧಿಕಾರಿ ಬಸ್ಸಿನಲ್ಲಿ ಪಕ್ಕ ಕೂತು, ಸೈನಿಕರ ಮುರಿದ ಮೂಳೆಗೆ ಹಾಕೋ ಲೋಹ, ಪ್ಲಾಸ್ಟಿಕ್ಕನ್ನು ಮೈ ಒಪ್ಪಿಕೊಳ್ಳಲ್ಲ ಅಂತ ಹೇಳಿಕೊಂಡ್ರಂತೆ. ಹೆಂಚ್ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಮಾಡಿದ ಬಯೋಗ್ಲಾಸ್‌ನಲ್ಲಿ ತೂಕದ ಲೆಕ್ಕದಲ್ಲಿ ಸಿಲಿಕಾ 45, ಸೋಡಾ 24.5, ಸುಣ್ಣ 24.5, ಫಾಸ್ಫರಸ್ ಆಕ್ಸೈಡ್ 6 ಭಾಗ. ಸೋಡಾ ಇಷ್ಟು ಜಾಸ್ತಿ ಇರೋ ಗಾಜಿನಲ್ಲಿ ಶಾಟ್ ಥರ್ಮಾಮೀಟರೂ ಮಾಡ್ತಿರಲಿಲ್ಲ, ಶೀಶೆಯೂ ಮಾಡ್ತಿರಲಿಲ್ಲ. ದೇಹದೊಳಗೆ ಅದರ ಮೇಲ್ಮೈ ಕರಗಿ ಸೋಡಿಯಂ, ಕ್ಯಾಲ್ಸಿಯಂ ಬಿಡ್ತದೆ, ಮೇಲೆ ನಮ್ಮ ಮೂಳೆಯಲ್ಲಿರೋ ಖನಿಜದಂಥದೇ ಒಂದು ಪದರ ಬೆಳೀತದೆ, ಮೂಳೆ ಅದನ್ನು ತನ್ನದೇ ಅಂತ ಹಿಡ್ಕೊಳ್ತದೆ. ಈಗ ಅದು ಮೂಳೆಯ ಖಾಲಿ ಜಾಗ ತುಂಬೋಕೆ, ಹಲ್ಲಿನ ಚಿಕಿತ್ಸೆಗೆ, ಕೆಲವು ಟೂತ್‌ಪೇಸ್ಟ್‌ಗಳಿಗೂ ಹೋಗಿದೆ. ಹಾಗಂತ ಬಯೋಗ್ಲಾಸ್‌ನ ಪಿತಾಮಹ ಶಾಟ್ ಅಂತ ನಾವು ಹೇಳ್ತಿಲ್ಲ. ಆದ್ರೆ ಶೇಕಡಾ ಒಂದೆರಡು ಭಾಗ ಬದಲಾಯಿಸಿ ಗುಣ ಹೇಗೆ ಬದಲಾಗ್ತದೆ ಅಂತ ಪಟ್ಟಿ ಮಾಡೋ ಹೆಂಚ್ ಅವರ ಕೆಲಸದ ರೀತಿ ಯೇನಾದಿಂದ ಬಂದಿದ್ದು.

ಶಾಟ್ ಅವರ ಖಾಸಗಿ ಬದುಕಿನ ಬಗ್ಗೆ ಬರೆಯೋಕೆ ಹೆಚ್ಚಿಲ್ಲ, ಕಾರ್ಖಾನೆಯೇ ಬದುಕು. ಒಂದು ವಿಷಯ ಮಾತ್ರ ಬಿಡೋಕಾಗಲ್ಲ. 1888ರಲ್ಲಿ ಕಾರ್ಲ್ ಜೈಸ್ ತೀರಿಕೊಂಡ ಮೇಲೆ ಅಬ್ಬೆ 1889ರಲ್ಲಿ ಜೈಸ್ ಹೆಸರಲ್ಲಿ ಒಂದು ಪ್ರತಿಷ್ಠಾನ ಕಟ್ಟಿ, ತಮ್ಮ ಪಾಲನ್ನು ಅದಕ್ಕೆ ಬರೆದುಕೊಟ್ರು. ಲಾಭ ಮಾಲೀಕನ ಮನೆಗೆ ಹೋಗೋ ಬದಲು ಕಾರ್ಖಾನೆಗೆ, ಕೆಲಸಗಾರರಿಗೆ, ಯೇನಾ ವಿಶ್ವವಿದ್ಯಾಲಯಕ್ಕೆ. 1900ರಲ್ಲಿ ಜೈಸ್ ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ ಅಂತ ನಿಯಮ ಬಂತು. ಗಿರಣಿ ಕೆಲಸಗಾರನ ಮಗ ಅಪ್ಪನನ್ನು ಮರೆತಿರಲಿಲ್ಲ. 1905ರಲ್ಲಿ ಅಬ್ಬೆ ತೀರಿಕೊಂಡ್ರು. ಶಾಟ್ ಅಬ್ಬೆಯಷ್ಟು ಆದರ್ಶವಾದಿ ಅಲ್ಲ, ವ್ಯಾಪಾರದ ಮನೆಯಿಂದ ಬಂದವರು ಅನ್ನೋದು ನಮ್ಮ ಅನಿಸಿಕೆ. ಆದ್ರೂ ತಮ್ಮ ಹೆಸರೇ ಇದ್ದ ಗಾಜಿನ ಕಾರ್ಖಾನೆಯ ತಮ್ಮ ಪಾಲನ್ನು ಹಂತಹಂತವಾಗಿ ಅದೇ ಪ್ರತಿಷ್ಠಾನಕ್ಕೆ ಬಿಟ್ಟುಕೊಟ್ರು, 1919ಕ್ಕೆ ಅದು ಪೂರ್ತಿಯಾಯಿತು. ಸ್ಟಾರ್ಟಪ್, ವ್ಯಾಲ್ಯುಯೇಷನ್, ಎಕ್ಸಿಟ್ ಅಂತ ದಿನಾ ಮಾತಾಡೋ ನಮಗೆ ಇದನ್ನು ಓದಿದಾಗ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಒಬ್ಬ ಗೆಳೆಯ ಮಾತ್ರ, ಕೊನೆಗೆ ಮಕ್ಕಳಿಗೆ ಏನು ಸಿಕ್ತು ಅಂತ ಕೇಳಿದ. ಮಗ ಎರಿಕ್‌ಗೆ ಸಿಕ್ಕಿದ್ದು ಕೆಲಸ. ಶಾಟ್ 1926ರಲ್ಲಿ ನಿವೃತ್ತಿಯಾದ ನಂತರ ಕಾರ್ಖಾನೆಯ ಹೊಣೆ ಎರಿಕ್ ಮೇಲೆ ಬಂತು, ಮಾಲೀಕತ್ವ ಅಲ್ಲ.

1935ರ ಆಗಸ್ಟ್ 27ರಂದು ಒಟ್ಟೊ ಶಾಟ್ ಯೇನಾದಲ್ಲೇ ಕೊನೆಯುಸಿರೆಳೆದರು. 83 ವರ್ಷ.

ಹತ್ತು ವರ್ಷದ ನಂತರ ಯುದ್ಧ ಮುಗಿದಾಗ ಯೇನಾ ಸೋವಿಯೆತ್ ಪಾಲಿಗೆ ಹೋಗೋದಿತ್ತು. ಅದಕ್ಕೂ ಮೊದಲೇ ಅಮೆರಿಕದ ಸೇನೆ ಕಾರ್ಖಾನೆಯ 41 ಪರಿಣತರನ್ನು, ಅವರ ಕುಟುಂಬಗಳನ್ನು ಲಾರಿಗಳಲ್ಲಿ ಪಶ್ಚಿಮಕ್ಕೆ ಕರೆದೊಯ್ದಿತು. ಎರಿಕ್ ಕೂಡ ಅವರಲ್ಲೊಬ್ಬರು. ಕುಲುಮೆಗಳು ಹಿಂದೆ ಉಳಿದವು, ಗಾಜು ಗೊತ್ತಿದ್ದವರು ಮಾತ್ರ ಹೋದ್ರು. ಏಳು ವರ್ಷ ಅಲ್ಲಿ ಇಲ್ಲಿ ಅಲೆದು 1952ರಲ್ಲಿ ರೈನ್ ನದಿ ದಡದ ಮೈಂಜ್ ಊರಲ್ಲಿ ಹೊಸ ಕಾರ್ಖಾನೆ ತೆರೆದ್ರು. ಜರ್ಮನಿ ಒಂದಾದ ಮೇಲೆ ಯೇನಾದ ಹಳೇ ಕಾರ್ಖಾನೆಯೂ ಮರಳಿ ಬಂತು, ಅಲ್ಲಿ ಶಾಟ್ ವಾಸವಿದ್ದ ಮನೆ ಈಗ ಮ್ಯೂಸಿಯಂ.

2020ರಲ್ಲಿ ಫೈಜರ್ ಜೊತೆ ಸೇರಿ ಕೋವಿಡ್ ಲಸಿಕೆ ತಂದ ಬಯೋಎನ್‌ಟೆಕ್ ಕಂಪನಿಯದೂ ಇದೇ ಮೈಂಜ್ ಊರು. ಆ ವರ್ಷ ಲಸಿಕೆ ಬರೋ ಮೊದಲೇ ಪ್ರಪಂಚದ ಎಲ್ಲ ಕಡೆ ಇನ್ನೊಂದು ಚಿಂತೆ ಶುರುವಾಗಿತ್ತು: ಇಷ್ಟೊಂದು ಕೋಟಿ ಡೋಸ್ ತುಂಬಿಸೋಕೆ ಒಳ್ಳೇ ಬೋರೋಸಿಲಿಕೇಟ್ ಶೀಶೆ ಸಾಕಾಗ್ತವಾ? ನಮ್ಮ ದೇಶದಲ್ಲೂ ಶೀಶೆ ಕಾರ್ಖಾನೆಗಳು ಹಗಲು ರಾತ್ರಿ ಓಡಿದವು. 15 ವರ್ಷದ ನಾವು ತೋಳು ಮಡಚಿ ಸಾಲಿನಲ್ಲಿ ನಿಂತಿದ್ದಾಗ ನರ್ಸ್ ಆ ಶೀಶೆಯನ್ನು ಬೆಳಕಿಗೆ ಹಿಡಿದು ಒಂದು ಸಲ ನೋಡಿ ಸೂಜಿ ಚುಚ್ಚಿದ್ರು. ನಾವು ಸೂಜಿ ನೋಡ್ತಿದ್ವಿ.